ಬಸುರಿಗೆ ಶುಗರ್ ಬಂದ ಮನೆ

ಮೂರನೇ ತಿಂಗಳಲ್ಲಿ ತಾಯಿ ಕಾರ್ಡ್ ಮಾಡಿಸುವಾಗಲೇ ಒಮ್ಮೆ ಗ್ಲೂಕೋಸ್ ನೀರು ಕುಡಿಸಿ ರಕ್ತ ನೋಡಿದ್ದರು. ಆಗ ಏನೂ ಇರಲಿಲ್ಲ. ಹಾಗಾಗಿ ಆರು ತಿಂಗಳು ತುಂಬಿದ ಮೇಲೆ ಊರಿನ ಆರೋಗ್ಯ ಕಾರ್ಯಕರ್ತೆ ಆಶಾ ಅಕ್ಕ ಮನೆಗೆ ಬಂದು "ಇನ್ನೊಂದ್ಸಲ ಶುಗರ್ ಟೆಸ್ಟ್ ಇದೆ, ಬನ್ನಿ" ಎಂದಾಗ ಅತ್ತೆ, "ಆಗ್ಲೇ ನೋಡಿ ಆಯ್ತಲ್ಲ, ಮತ್ಯಾಕೆ ಚುಚ್ಚಿಸ್ಕೊಳ್ಳೋದು?" ಎಂದರು. ಜೂನ್ ಮಳೆ ಹಿಡಿದ ಸೋಮವಾರಪೇಟೆಯಲ್ಲಿ ಬಸುರಿ ಹೆಂಗಸು ಮನೆ ಬಿಟ್ಟು ಹೊರಡಲು ಅಷ್ಟು ಕಾರಣ ಸಾಲದು ಎಂಬುದು ಅವರ ವಾದ. ಆಶಾ ಅಕ್ಕ ಜಗ್ಗಲಿಲ್ಲ. ಈ ಶುಗರ್ ಹೆಚ್ಚಾಗಿ ಕಾಣಿಸಿಕೊಳ್ಳುವುದೇ 24ರಿಂದ 28 ವಾರದ ಹೊತ್ತಿಗೆ, ಮೊದಲ ಸಲ ಇಲ್ಲವೆಂದರೆ ಈಗಲೂ ಇಲ್ಲ ಎಂದೇನಲ್ಲ ಎಂದು ಹೇಳಿ, ನಾನು ಹೂಂ ಅನ್ನುವವರೆಗೂ ಜಗಲಿಯಲ್ಲೇ ಕೂತಿದ್ದಳು.

ಪರೀಕ್ಷೆ ಸುಲಭದ್ದೇ. 75 ಗ್ರಾಂ ಗ್ಲೂಕೋಸ್ ಪುಡಿಯನ್ನು 300 ಮಿಲಿ ನೀರಲ್ಲಿ ಕದಡಿ ಕೊಡುತ್ತಾರೆ. ತಿಂಡಿ ತಿಂದಿದ್ದರೂ ಸರಿ, ಖಾಲಿ ಹೊಟ್ಟೆಯಾದರೂ ಸರಿ, ಐದು ಹತ್ತು ನಿಮಿಷದೊಳಗೆ ಕುಡಿದು ಮುಗಿಸಬೇಕು. ಅರ್ಧ ಗಂಟೆಯೊಳಗೆ ವಾಂತಿಯಾದರೆ ಆ ದಿನದ್ದು ಲೆಕ್ಕಕ್ಕಿಲ್ಲ, ಮರುದಿನ ಮತ್ತೆ ಕುಡಿಯಬೇಕು. ನಾನು ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ಕೂತೆ. ಎರಡು ಗಂಟೆ ಕಳೆದ ಮೇಲೆ ರಕ್ತ ತೆಗೆದರು. 140 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಬಸಿರಿನ ಶುಗರ್ ಎಂದು ಲೆಕ್ಕ. ನನ್ನದು 168.

ನನಗೆ ಮೊದಲು ಬಂದದ್ದು ಭಯಕ್ಕಿಂತ ಅಪನಂಬಿಕೆ. ಬಾಯಾರಿಕೆಯಿಲ್ಲ, ತಲೆಸುತ್ತಿಲ್ಲ. ಹಿಂದಿನ ದಿನ ಸಹಕಾರ ಸಂಘದ ಕಚೇರಿಯಲ್ಲಿ ಗೊಬ್ಬರದ ಸಾಲದ ಲೆಕ್ಕ ಸಂಜೆವರೆಗೂ ಬರೆದು ಬಂದವಳು ನಾನು. ಒಂದು ಕಡೆ ನೋವಾಗಿದ್ದರೆ ಅದನ್ನು ಮುಟ್ಟಿ ತೋರಿಸಬಹುದಿತ್ತು. ಇದು ಬರೀ ಚೀಟಿಯ ಮೇಲಿನ ಅಂಕಿ.

ಡಾಕ್ಟರಮ್ಮ ನಿಧಾನವಾಗಿ ಹೇಳಿದರು. ಮಾಸು (ಪ್ಲಸೆಂಟಾ) ಬೆಳೆಯುತ್ತ ಹೋದ ಹಾಗೆ ಅದು ಬಿಡುವ ಹಾರ್ಮೋನುಗಳು ತಾಯಿಯ ಇನ್ಸುಲಿನ್‌ಗೆ ಅಡ್ಡ ನಿಲ್ಲುತ್ತವಂತೆ. ಮಗುವಿಗೆ ಧಾರಾಳವಾಗಿ ಸಕ್ಕರೆ ಸಿಗಲೆಂದು ದೇಹವೇ ಮಾಡಿಕೊಂಡ ಏರ್ಪಾಡು ಅದು. ಹೆಚ್ಚಿನ ಹೆಂಗಸರ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಕೊಟ್ಟು ಸರಿದೂಗಿಸುತ್ತದೆ, ಕೆಲವರದಕ್ಕೆ ಆಗುವುದಿಲ್ಲ. ತಾಯಿಯ ಸಕ್ಕರೆ ಮಗುವಿಗೆ ದಾಟುತ್ತದೆ, ತಾಯಿಯ ಇನ್ಸುಲಿನ್ ದಾಟುವುದಿಲ್ಲ. ಹೆಚ್ಚಾಗಿ ಬಂದ ಸಕ್ಕರೆಗೆ ಮಗು ತಾನೇ ಇನ್ಸುಲಿನ್ ಮಾಡಿಕೊಂಡು ಮೈ ದಪ್ಪ ಮಾಡಿಕೊಳ್ಳುತ್ತದೆ, ಹೆರಿಗೆ ಕಷ್ಟವಾಗುತ್ತದೆ. "ಸಿಹಿ ತಿಂದಿದ್ದಕ್ಕೆ ಬಂತು ಅಂತ ಯಾರಾದ್ರೂ ಹೇಳಿದ್ರೆ ಕಿವಿಗೆ ಹಾಕ್ಕೋಬೇಡಿ" ಎಂದರು. ಎರಡು ವಾರ ಊಟದಲ್ಲೇ ಹತೋಟಿ ಮಾಡಿ ನೋಡೋಣ, ಊಟವಾಗಿ ಎರಡು ಗಂಟೆಗೆ 120ರ ಒಳಗೆ ಬರಬೇಕು, ಬರದಿದ್ದರೆ ಮುಂದಿನದು ಎಂದರು.

ಇಷ್ಟನ್ನೂ ಅವರು ಹೇಳಿದ್ದು ನನಗೊಬ್ಬಳಿಗೆ. ನಮ್ಮ ಮನೆಯಲ್ಲಿ ಒಲೆಯ ಮೇಲೆ ಎಷ್ಟು ಅಕ್ಕಿ ಬೇಯಬೇಕು, ಸಾರಿಗೆ ಏನು ಬೀಳಬೇಕು ಎಂದು ತೀರ್ಮಾನಿಸುವುದು ನಾನಲ್ಲ. ಆಸ್ಪತ್ರೆಗಳಲ್ಲಿ ಈ ಕಾಯಿಲೆ ಹಿಡಿದ ಹೆಣ್ಣನ್ನು ಒಬ್ಬಳೇ ಕೂರಿಸಿ ಬುದ್ಧಿ ಹೇಳುವುದನ್ನು ಈಗಲೂ ನೋಡುತ್ತೇನೆ. ಅಡುಗೆಮನೆಯ ಯಜಮಾನಿ ಹೊರಗೆ ಬೆಂಚಿನ ಮೇಲೆ ಚೀಲ ಕಾಯುತ್ತ ಕೂತಿರುತ್ತಾರೆ.

ಮನೆಗೆ ಬಂದು ಹೇಳಿದಾಗ ಅತ್ತೆ ಸುಮ್ಮನಾದರು. ಅಮ್ಮನಿಗೆ ಫೋನ್ ಮಾಡಿದರೆ ಅವಳ ಚಿಂತೆ ಬೇರೆ. ನನ್ನ ತವರು ಅರಕಲಗೂಡಿನ ಕಡೆ. "ನಮ್ಮ ಮನೇಲಿ ಯಾರಿಗೂ ಇಲ್ಲ ಅಂತ ಹೇಳೇ. ಶುಗರ್ ಇರೋ ಹುಡುಗೀನ ಗಂಟು ಹಾಕಿದ್ರು ಅಂತ ನಾಳೆ ಮಾತು ಬಂದ್ಬಿಡುತ್ತೆ" ಎಂದಳು. ನಮ್ಮಜ್ಜಿಗೆ ಕಾಲಿನ ಗಾಯ ವರ್ಷಗಟ್ಟಲೆ ವಾಸಿಯಾಗದೆ ಇದ್ದದ್ದು ಯಾಕೆ ಎಂದು ನಾನು ಕೇಳಿದೆ. ಅಮ್ಮ ಮಾತು ಬದಲಿಸಿದಳು. ನನ್ನ ಗಂಡನಿಗೆ ಮಾತ್ರ ಹೆಚ್ಚು ತಲೆಬಿಸಿಯಾದ ಹಾಗೆ ಕಾಣಲಿಲ್ಲ. "ಮಾತ್ರೆ ಕೊಡ್ತಾರಲ್ವಾ?" ಎಂದು ಕೇಳಿ, ತೋಟಕ್ಕೆ ಹೋದರು. ಗಂಡಸರ ಧೈರ್ಯದಲ್ಲಿ ಅರ್ಧ ಗೊತ್ತಿಲ್ಲದ್ದರಿಂದ ಬರುವಂಥದ್ದು.

ಆಷಾಢ ಕಾಲಿಡುವುದರೊಳಗೆ ಸೀಮಂತ ಮುಗಿಸಬೇಕಿತ್ತು. ರಿಪೋರ್ಟು ಬಂದ ಬೆನ್ನಿಗೇ ಸೀಮಂತ. ಹಸಿರು ಬಳೆ, ಮಡಿಲು ತುಂಬಿದ ಹಣ್ಣು, ತಟ್ಟೆ ತಟ್ಟೆ ಸಿಹಿ. ಬಂದವರೆಲ್ಲ ಒಂದೊಂದು ತುತ್ತು ಬಾಯಿಗಿಡುವುದು ಪದ್ಧತಿ. ಹೋಳಿಗೆ, ಚಿರೋಟಿ, ಕಜ್ಜಾಯ. ನಾನು ಬಾಯಿ ಬಿಗಿಹಿಡಿದರೆ ಅವರ ಮುಖ ಚಿಕ್ಕದಾಗುತ್ತದೆ, ಬಿಟ್ಟರೆ ಸಂಜೆಯ ರೀಡಿಂಗ್ ಏರುತ್ತದೆ. ಒಬ್ಬ ದೊಡ್ಡಮ್ಮ, "ಬಯಕೆ ತಡೆದ್ರೆ ಹುಟ್ಟೋ ಮಗೂಗೆ ಕಿವಿ ಸೋರುತ್ತೆ ಕಣೆ, ತಿನ್ನು" ಎಂದರು. ಇನ್ನೊಬ್ಬರು, "ನಮ್ಮ ಕಾಲದಲ್ಲಿ ಇದೆಲ್ಲಾ ಎಲ್ಲಿತ್ತು? ಹತ್ತು ಹೆತ್ತವರೂ ಬೆಲ್ಲದ ಕಾಫಿ ಕುಡ್ಕೊಂಡೇ ತೋಟದ ಕೆಲಸ ಮಾಡಿದ್ರು" ಎಂದರು. ಅವರ ಕಾಲದಲ್ಲಿ ನಾಲ್ಕು ಕೆಜಿಯ ಕೂಸು ಹುಟ್ಟಿದರೆ ಊರೇ ಹೊಗಳುತ್ತಿತ್ತು. ಆ ಹೆರಿಗೆಗಳಲ್ಲಿ ಕಷ್ಟಪಟ್ಟವರ ಕಥೆ ಮಾತ್ರ ಯಾರೂ ಎತ್ತುವುದಿಲ್ಲ.

ಆವತ್ತು ನನ್ನನ್ನು ಉಳಿಸಿದ್ದು ಅತ್ತಿಗೆ. ಪ್ರತಿ ತುತ್ತನ್ನೂ ನನ್ನ ತುಟಿಗೆ ಮುಟ್ಟಿಸಿ ಪಕ್ಕದ ತಟ್ಟೆಗೆ ಇಳಿಸುತ್ತ ಹೋದಳು. ಶಾಸ್ತ್ರಕ್ಕೆ ಶಾಸ್ತ್ರವೂ ಆಯಿತು.

ಇನ್ನು ಡಯಟ್ ಚೀಟಿ. ಪೇಟೆಯ ಒಂದು ಕ್ಲಿನಿಕ್ಕಿನಲ್ಲಿ ಕೊಟ್ಟಿದ್ದು, ಅಚ್ಚು ಹಾಕಿಸಿದ್ದು. ಬೆಳಿಗ್ಗೆ ಓಟ್ಸ್, ಮಧ್ಯಾಹ್ನ ಎರಡು ಫುಲ್ಕಾ, ಸಂಜೆ ಮೊಳಕೆಕಾಳಿನ ಚಾಟ್, ರಾತ್ರಿ ಮತ್ತೆ ಫುಲ್ಕಾ. ಕಡುಬು, ಅಕ್ಕಿ ರೊಟ್ಟಿ, ನೂಪುಟ್ಟು, ಅನ್ನ ಬಿಟ್ಟರೆ ಬೇರೆ ಗೊತ್ತಿಲ್ಲದ ಕೊಡಗಿನ ಅಡುಗೆಮನೆಯಲ್ಲಿ ಆ ಚೀಟಿಗೆ ಕೂರಲು ಜಾಗವಿರಲಿಲ್ಲ. ಅತ್ತ ಹಿರಿಯರದೂ ಒಂದು ಪಟ್ಟಿಯಿತ್ತು: ಎಳೆ ಬಿದಿರಿನ ಕಣಿಲೆ ಉಷ್ಣ, ಏಡಿ ಉಷ್ಣ, ಪರಂಗಿ ಮುಟ್ಟಲೇಬಾರದು, ಮೊಸರು ಶೀತ. ಡಾಕ್ಟರು ಬೇಡವೆಂದದ್ದನ್ನೂ ಅತ್ತೆ ಬೇಡವೆಂದದ್ದನ್ನೂ ಕಳೆದರೆ ಉಳಿಯುತ್ತಿದ್ದದ್ದು ಬೀನ್ಸ್ ಪಲ್ಯ. ಹೊರಗೆ ಆ ಮಳೆ, ಒಳಗೆ ಎಲ್ಲರ ತಟ್ಟೆಯಲ್ಲೂ ಹೊಗೆಯಾಡುವ ಕಣಿಲೆ ಸಾರು, ನನ್ನ ತಟ್ಟೆಯಲ್ಲಿ ಬೀನ್ಸ್. ಆ ವಾರ ನಾನು ಅತ್ತದ್ದು ಕಾಯಿಲೆಗಲ್ಲ, ಹಸಿವಿಗೆ.

ಗ್ಲೂಕೋಮೀಟರ್ ತಂದ ಮೇಲೆ ಸ್ವಲ್ಪ ದಾರಿ ಕಂಡಿತು. ಸ್ಟ್ರಿಪ್ ಒಂದಕ್ಕೆ ಹದಿನೈದಿಪ್ಪತ್ತು ರೂಪಾಯಿ, ಹಾಗಾಗಿ ಕಂಡಕಂಡಾಗ ಚುಚ್ಚುವಂತಿಲ್ಲ. ಆದರೂ ಮೊದಲ ದಿನಗಳಲ್ಲಿ ಒಂದೊಂದು ತಿಂಡಿಯನ್ನೂ ಪರೀಕ್ಷಿಸಿ ನೋಡಿದೆ. ಅಮ್ಮ ಕಳಿಸಿದ ರಾಗಿಹಿಟ್ಟು ದೊಡ್ಡ ಪಾಠ ಕಲಿಸಿತು. ಶುಗರ್‌ಗೆ ರಾಗಿ ಒಳ್ಳೆಯದು ಎಂದು ಊರೆಲ್ಲ ಹೇಳುತ್ತದೆ. ಬೆಳಿಗ್ಗೆ ಒಂದು ದೊಡ್ಡ ಲೋಟ ತೆಳ್ಳನೆಯ ರಾಗಿ ಅಂಬಲಿ ಕುಡಿದು ಎರಡು ಗಂಟೆಗೆ ನೋಡಿದರೆ 151. ಅದೇ ಒಂದು ಸಣ್ಣ ಅಕ್ಕಿ ರೊಟ್ಟಿ, ಎರಡು ಬೇಯಿಸಿದ ಮೊಟ್ಟೆ, ಜೊತೆಗೆ ಧಾರಾಳ ಸೊಪ್ಪಿನ ಪಲ್ಯ ತಿಂದ ದಿನ 117. ಹೆಸರಿಗಿಂತ ಅಳತೆ ದೊಡ್ಡದು, ಜೊತೆಗೆ ಏನಿದೆ ಎಂಬುದೂ ದೊಡ್ಡದು. ಪಲ್ಯ ಮೊದಲು, ಕಾಳು ಮೊಟ್ಟೆ ಆಮೇಲೆ, ಅನ್ನ ಕೊನೆಗೆ ತಿಂದರೆ ಸಕ್ಕರೆ ಅಷ್ಟು ಜಿಗಿಯುವುದಿಲ್ಲ. ಬೆಳಗಿನ ಹೊತ್ತು ದೇಹದ ಹಾರ್ಮೋನುಗಳೇ ಇನ್ಸುಲಿನ್‌ಗೆ ಎದುರಾಗಿರುವುದರಿಂದ ಮಧ್ಯಾಹ್ನ ಒಪ್ಪುವ ಕಡುಬು ತಿಂಡಿಗೆ ಒಪ್ಪುವುದಿಲ್ಲ. ಇದನ್ನು ಕಂಡುಕೊಂಡ ಮೇಲೆ ಮಧ್ಯಾಹ್ನಕ್ಕೆ ಎರಡು ಕಡುಬು, ಒಂದು ಬಟ್ಟಲು ಹುರುಳಿ ಸಾರು ನನ್ನ ಪಾಲಿಗೆ ವಾಪಸ್ ಬಂದವು. ಬದುಕಿದೆ ಎನಿಸಿತು.

ನಡೆಯುವುದು ಇನ್ನೊಂದು ತಮಾಷೆ. "ಬೆಳಿಗ್ಗೆ ಸಂಜೆ ವಾಕ್ ಮಾಡಿ" ಎಂದು ಬರೆದಿದ್ದರು. ನಮ್ಮ ತೋಟದ ದಾರಿಯಲ್ಲಿ ಬೆಳಿಗ್ಗೆ ಸಂಜೆ ವಾಕ್ ಮಾಡುವುದು ಆನೆಗಳು. ಹಗಲು ಹೊತ್ತಲ್ಲಿ ಹೋದರೆ ಮಳೆ, ಜಿಗಣೆ, ಪಾಚಿ ಹಿಡಿದ ಇಳಿಜಾರು. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೂ ಸಾಕು, ಅದಕ್ಕೇ ಸಕ್ಕರೆ ಇಳಿಯುತ್ತದೆ ಎಂದು ಸಿಸ್ಟರ್ ಹೇಳಿದ್ದರಿಂದ ಜಗಲಿಯ ಈ ತುದಿಯಿಂದ ಆ ತುದಿಗೆ ಓಡಾಡಿದೆ. ಕಾಫಿ ಮೂಟೆ ಇಡುವ ಕೋಣೆ ಆಗ ಖಾಲಿಯಿತ್ತು, ಗಾಳಿ ಬೀಸುವ ದಿನ ಅಲ್ಲಿ. ನಾಯಿ ಕೂಡ ಸ್ವಲ್ಪ ದಿನ ಹಿಂದೆ ಹಿಂದೆ ಬಂದು ಬೇಜಾರಾಗಿ ಬಿಟ್ಟಿತು.

ಅತ್ತೆ ಬದಲಾದದ್ದು ಜುಲೈ 9ರಂದು. ಪ್ರತಿ ತಿಂಗಳ 9ಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ವಿಶೇಷ ತಪಾಸಣೆ ಇರುತ್ತದೆ, 2016ರಿಂದ ನಡೆದುಬಂದದ್ದು. ಆ ದಿನ ನಾನು ಹಟಮಾಡಿ ಅವರನ್ನು ಡಾಕ್ಟರಮ್ಮನ ಕೋಣೆಯೊಳಗೇ ಕರೆದುಕೊಂಡು ಹೋದೆ. ಡಾಕ್ಟರಮ್ಮ ನನ್ನ ಬದಲು ಅವರನ್ನೇ ಕೇಳಿದರು: "ಅಮ್ಮಾ, ಸಾರಿಗೆ ಬೆಲ್ಲ ಹಾಕ್ತೀರಾ? ಕಡುಬು ಎಷ್ಟು ದೊಡ್ಡದು ಮಾಡ್ತೀರಿ?" ತಮ್ಮ ಕೈಯಡುಗೆಯ ಬಗ್ಗೆ ಇಷ್ಟು ಗೌರವದಿಂದ ಯಾರೂ ಕೇಳಿರಲಿಲ್ಲವೇನೋ, ಅತ್ತೆ ಕುರ್ಚಿಯ ಅಂಚಿಗೆ ಬಂದು ಕೂತು ಅಂಗೈಯಲ್ಲೇ ಅಳತೆ ತೋರಿಸಿದರು. ಅವತ್ತಿನಿಂದ ಅವರ ಆಳುಲೆಕ್ಕದ ಪುಸ್ತಕದ ಕೊನೆಯ ಹಾಳೆಗಳಲ್ಲಿ ನನ್ನ ಶುಗರ್ ಲೆಕ್ಕವೂ ಸೇರಿತು. ಎಡಗಡೆ ತಿಂದದ್ದು, ಬಲಗಡೆ ಬಂದದ್ದು.

ಇದರಲ್ಲಿ ಹಿತವಷ್ಟೇ ಇರಲಿಲ್ಲ. ಅಂಕಿ ಏರಿದ ದಿನ "ಏನ್ ತಿಂದೆ?" ಎಂಬ ಪ್ರಶ್ನೆ ಬರುತ್ತಿತ್ತು. ಏನೂ ತಿಂದಿಲ್ಲವೆಂದರೆ ನಂಬಿದ ಹಾಗೂ ಇರುತ್ತಿರಲಿಲ್ಲ. ಬೆರಳಿಗೆ ಸೂಜಿ ತಾಗುವ ಮೊದಲೇ ಎದೆ ಹೊಡೆದುಕೊಳ್ಳುತ್ತಿತ್ತು, ಎಸ್ಸೆಸ್ಸೆಲ್ಸಿ ಫಲಿತಾಂಶದ ಹಾಗೆ. ಒಳ್ಳೆಯ ಅಂಕಿ ಬಂದರೆ ನಾನು ಒಳ್ಳೆಯ ತಾಯಿ, ಕೆಟ್ಟದ್ದು ಬಂದರೆ ಮಗುವಿಗೆ ನಾನೇ ಏನೋ ಮಾಡಿದೆ ಎಂಬ ಹಿಂಸೆ. ಬೇರೆ ಯಾವ ಕಾಯಿಲೆಯಲ್ಲೂ ರೋಗಿಯೇ ಆರೋಪಿಯಾಗುವುದು ಇಷ್ಟು ಸಲೀಸಲ್ಲ.

ಆಸ್ಪತ್ರೆಯ ಬೆಂಚಿನಲ್ಲಿ ಸಿಗುತ್ತಿದ್ದ ಹೆಂಗಸರು ಒಬ್ಬೊಬ್ಬರೂ ಇದನ್ನು ಒಂದೊಂದು ರೀತಿ ಹೊತ್ತಿದ್ದರು. ಒಬ್ಬಳು ಟೀಚರ್, ಗಂಡನಿಗೆ ಬಿಟ್ಟು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ, ಶಾಲೆಯ ಬಾತ್‌ರೂಮಿನಲ್ಲಿ ಚುಚ್ಚಿಕೊಂಡು ನೋಡುತ್ತಿದ್ದಳು. ಇನ್ನೊಬ್ಬಳು ತಪಾಸಣೆಯ ಹಿಂದಿನ ರಾತ್ರಿಯಿಂದ ಊಟವನ್ನೇ ಬಿಟ್ಟು ಬಂದಿದ್ದಳು, ಅಂಕಿ ಚೆನ್ನಾಗಿ ಬರಲೆಂದು. ಸಿಸ್ಟರ್ ಮೂತ್ರದಲ್ಲಿ ಕೀಟೋನ್ ಕಂಡು ಹಿಡಿದರು. ಉಪವಾಸ ಬಿದ್ದರೆ ದೇಹ ಕೊಬ್ಬು ಕರಗಿಸಿಕೊಳ್ಳುತ್ತದೆ, ಆಗ ಬರುವುದೇ ಕೀಟೋನ್, ಅದೂ ಬಸಿರಿಗೆ ಒಳ್ಳೆಯದಲ್ಲ ಎಂದು ಗದರಿ ಕ್ಯಾಂಟೀನಿಗೆ ಕಳಿಸಿದರು.

ಮರೆಯಲಾಗದವಳು ಪಿರಿಯಾಪಟ್ಟಣ ಕಡೆಯಿಂದ ಬಂದು ಒಂದು ಎಸ್ಟೇಟಿನ ಕೂಲಿಯಾಳುಗಳ ಲೈನ್‌ಮನೆಯಲ್ಲಿದ್ದವಳು. ಎರಡನೆಯ ಬಸಿರು. ಡಯಟ್ ಚೀಟಿ ಅವಳ ಕೈಯಲ್ಲೂ ಇತ್ತು. "ಅನ್ನ ಕಮ್ಮಿ ಮಾಡು ಅಂತಾರೆ ಅಕ್ಕ. ಅನ್ನ ಬಿಟ್ರೆ ಮನೇಲಿ ಇನ್ನೇನೈತೆ?" ಎಂದು ನಕ್ಕಳು. ಅಂಗನವಾಡಿಯಲ್ಲಿ ಗರ್ಭಿಣಿಯರಿಗೆ ಕೊಡುವ ಮಧ್ಯಾಹ್ನದ ಊಟ, ಮೊಟ್ಟೆ, ಹಾಲೇ ಅವಳ ಔಷಧಿ. ಜೊತೆಗೆ ಕೊಡುವ ಕಡಲೆಬೀಜದ ಚಿಕ್ಕಿ ದೊಡ್ಡ ಮಗನ ಜೇಬಿಗೆ. ಕಳೆ ಕೀಳುವ ಕೆಲಸ ಮಾಡಿದ ದಿನ ಅವಳ ಶುಗರ್ ತಾನಾಗಿ ಇಳಿಯುತ್ತಿತ್ತು, ಮಳೆಗೆ ಕೆಲಸ ನಿಂತರೆ ಏರುತ್ತಿತ್ತು. ಆಸ್ಪತ್ರೆಗೆ ಬಂದ ದಿನ ಕೂಲಿ ಇಲ್ಲ. ಇನ್ಸುಲಿನ್ ಬಾಟಲಿಯನ್ನು ನೀರು ತುಂಬಿದ ಮಣ್ಣಿನ ಮಡಕೆಯಲ್ಲಿಡುತ್ತಿದ್ದಳು, ಸಿಸ್ಟರೇ ಹೇಳಿಕೊಟ್ಟ ಉಪಾಯ. ನಮ್ಮ ಮನೆಯಲ್ಲಿ ಫ್ರಿಜ್ ಇದ್ದೂ ಜುಲೈಯಲ್ಲಿ ಕರೆಂಟಿರಲಿಲ್ಲ. ಕೊಡಗಿನ ಆಟಿ ತಿಂಗಳ ಚಳಿ ಇಬ್ಬರ ಬಾಟಲಿಯನ್ನೂ ಕಾಯ್ದಿತು ಅನ್ನಬೇಕು.

ನನಗೂ ಇನ್ಸುಲಿನ್ ಬಂತು. ಊಟದ ನಂತರದ ಅಂಕಿಗಳು ಹತೋಟಿಗೆ ಬಂದಿದ್ದವು, ಬೆಳಿಗ್ಗೆ ಖಾಲಿ ಹೊಟ್ಟೆಯದ್ದು ಮಾತ್ರ 95ರ ಕೆಳಗೆ ಇಳಿಯಲಿಲ್ಲ. ರಾತ್ರಿ ಎಂಟಕ್ಕೇ ಊಟ ಮಾಡಿದೆ, ಅನ್ನ ಬಿಟ್ಟೆ, ಮಲಗುವ ಮೊದಲು ಒಂದು ಹಿಡಿ ಕಡಲೆಬೀಜ ತಿಂದು ನೋಡಿದೆ. 102, 99, 104. ಅತ್ತೆ ತಮ್ಮ ಅಡುಗೆಯೇ ಸೋತಿತೆಂದು ನೊಂದುಕೊಂಡರು. ರಾತ್ರಿ ನಾವು ಮಲಗಿರುವಾಗ ಪಿತ್ತಜನಕಾಂಗವೇ ರಕ್ತಕ್ಕೆ ಸಕ್ಕರೆ ಬಿಡುತ್ತಿರುತ್ತದೆ, ಅದನ್ನು ತಡೆಯುವಷ್ಟು ಇನ್ಸುಲಿನ್ ಇಲ್ಲದಿದ್ದರೆ ಪಲ್ಯ ಎಷ್ಟು ತಿಂದರೂ ಅಷ್ಟೇ ಎಂದು ಡಾಕ್ಟರಮ್ಮ ಹೇಳಿದ ಮೇಲೆ ಇಬ್ಬರಿಗೂ ಮನಸ್ಸು ಹಗುರಾಯಿತು.

ಆದರೂ ಇಂಜೆಕ್ಷನ್ ಎಂದರೆ ಮನೆಯಲ್ಲಿ ದಿಗಿಲು. ಒಮ್ಮೆ ಹಿಡಿದರೆ ಸಾಯುವವರೆಗೂ ಬಿಡುವುದಿಲ್ಲವಂತೆ, ಮಗುವಿಗೆ ತಾಗುತ್ತದಂತೆ ಎಂಬ ಮಾತುಗಳು. ಇನ್ಸುಲಿನ್ ಮಾಸನ್ನು ದಾಟುವುದಿಲ್ಲ ಎಂಬುದನ್ನು ನಾನು ಎಷ್ಟು ಸಲ ಹೇಳಿದೆನೋ. ಸಿಸ್ಟರ್ ಮಾತು ಚುಟುಕಾಗಿತ್ತು: "ಮಾಸು ಬಿದ್ದ ದಿನ ಇದೂ ಬೀಳುತ್ತೆ, ಹೆದರ್ಬೇಡಿ." ತೊಡೆಗೆ ಚುಚ್ಚಿಕೊಳ್ಳುವುದನ್ನು ಅವರೇ ಕಲಿಸಿದರು. ಸೂಜಿ ಕೂದಲೆಳೆಯಷ್ಟು ಸಣ್ಣದು, ಎರಡನೇ ರಾತ್ರಿಗೆ ಅಭ್ಯಾಸವಾಯಿತು. ಕೈ ನಡುಗಿ, ಬೆವರಿ, ಅಂಕಿ 70ರ ಕೆಳಗೆ ಬಂದರೆ ಒಂದು ಲೋಟ ನೀರಿಗೆ ಮೂರು ಚಮಚ ಗ್ಲೂಕೋಸ್ ಕಲಸಿ ಕುಡಿಯಬೇಕೆಂದು ಹೇಳಿದ್ದರಿಂದ ದಿಂಬಿನ ಪಕ್ಕ ಡಬ್ಬಿ ಇಟ್ಟುಕೊಂಡಿದ್ದೆ. ಬೇಕಾಗಲಿಲ್ಲ.

ಆಗಸ್ಟ್ 3, ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಮದ್ದು ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಸೇರುವ ದಿನವೆಂದು ಇಡೀ ಕೊಡಗು ನೇರಳೆ ಬಣ್ಣದ ಪಾಯಸ ಕುಡಿಯುತ್ತದೆ. ಬೆಲ್ಲ, ತೆಂಗಿನಹಾಲು, ಅಕ್ಕಿ. ನೆರೆಯವರು ಪಾತ್ರೆ ಸಮೇತ ಬಂದು, "ಇದು ಮದ್ದಲ್ವಾ, ಶುಗರ್‌ಗೂ ಒಳ್ಳೇದು" ಎಂದರು. ಬಸುರಿಗೆ ಆ ಸೊಪ್ಪು ಕೊಡಬೇಕೋ ಬೇಡವೋ ಎಂಬುದಕ್ಕೆ ನಮ್ಮ ಕಡೆ ಮನೆಗೊಂದು ಮಾತು. ನಾನು ಉತ್ತರ ಹುಡುಕುವಷ್ಟರಲ್ಲಿ ಅತ್ತೆಯೇ, "ಮದ್ದಿರೋದು ಸೊಪ್ಪಲ್ಲಿ, ಬೆಲ್ಲದಲ್ಲಿ ಅಲ್ವಲ್ಲ. ಇವಳಿಗೆ ಬರೋ ವರ್ಷ" ಎಂದು ಪಾತ್ರೆ ಈಸಿಕೊಂಡು ಒಳಗೆ ಹೋದರು. ಒಂದೆರಡು ತಿಂಗಳ ಹಿಂದೆ ಇದೇ ಅತ್ತೆ ನನ್ನ ಬಾಯಿಗೆ ಹೋಳಿಗೆ ತುರುಕುವವರ ಪಕ್ಷದಲ್ಲಿದ್ದರು.

ಹೆರಿಗೆಯ ದಿನದ ಲೆಕ್ಕಾಚಾರದಲ್ಲಿ ಶುಗರ್‌ಗಿಂತ ಮಳೆಯದ್ದೇ ಚಿಂತೆ. ಸೋಮವಾರಪೇಟೆಯಿಂದ ಮಡಿಕೇರಿಗೆ ಹೆಚ್ಚುಕಡಿಮೆ 40 ಕಿಲೋಮೀಟರ್, ಮಾದಾಪುರದ ಮೇಲೆ. 2018ರ ಆಗಸ್ಟಿನಲ್ಲಿ ಆ ಕಡೆಯ ಗುಡ್ಡಗಳು ಹೇಗೆ ಕುಸಿದವೆಂದು ಕಂಡವರು ನಾವು. ನೋವು ಬಂದ ಮೇಲೆ ಹೊರಡುವ ಧೈರ್ಯ ಯಾರಿಗೂ ಇರಲಿಲ್ಲ. ಶುಗರ್ ಹತೋಟಿಯಲ್ಲಿದ್ದರೆ 39 ವಾರದವರೆಗೂ ಕಾಯಬಹುದು, ಅಷ್ಟರಲ್ಲಿ ನೋವು ಬರದಿದ್ದರೆ ಬರಿಸೋಣ ಎಂದಿದ್ದರು. ಸೆಪ್ಟೆಂಬರ್ ಮೊದಲ ವಾರದ ಕೈಲ್ ಪೊಳ್ದ್ ಹಬ್ಬದ ಗುಂಡಿನ ಸದ್ದೆಲ್ಲ ಅಡಗಿದ ಮೇಲೆ, ಮಡಿಕೇರಿಯ ನೆಂಟರ ಮನೆಯಲ್ಲಿ ಮೊದಲೇ ಹೋಗಿ ಉಳಿದು, ನೋವು ಬರಿಸಿಕೊಂಡೇ ಹೆತ್ತೆ. ಹೆಣ್ಣು ಮಗು, 3 ಕೆಜಿ 200 ಗ್ರಾಂ. ಹೆರಿಗೆಯ ಬಗ್ಗೆ ಬರೆಯಲು ಹೆಚ್ಚಿಲ್ಲ, ಎಲ್ಲರದ್ದರ ಹಾಗೇ ಇತ್ತು.

ಆಮೇಲಿನ ಕೆಲವು ಗಂಟೆಗಳು ಮಾತ್ರ ನೆನಪಿವೆ. ಹೊಕ್ಕುಳಬಳ್ಳಿ ಕತ್ತರಿಸಿದ ಕೂಡಲೇ ತಾಯಿಯ ಸಕ್ಕರೆ ನಿಲ್ಲುತ್ತದೆ, ಮಗುವಿನ ಮೈಯಲ್ಲಿ ಅದು ಮಾಡಿಕೊಂಡ ಇನ್ಸುಲಿನ್ ಇನ್ನೂ ಉಳಿದಿರುತ್ತದೆ, ಆಗ ಮಗುವಿನ ಸಕ್ಕರೆ ಕುಸಿಯಬಹುದು. ಅದಕ್ಕೆ ಒಂದು ಗಂಟೆಯೊಳಗೆ ಎದೆಹಾಲು, ಆಮೇಲೆ ಹಿಮ್ಮಡಿಗೆ ಚುಚ್ಚಿ ರಕ್ತ. 45ಕ್ಕಿಂತ ಕೆಳಗೆ ಹೋಗಬಾರದು. ಗಿಣ್ಣುಹಾಲು ಹಿಂಡಿ ಚೆಲ್ಲಬೇಕೆಂದು ಬೆಳೆದ ಅಮ್ಮ, ಸಿಸ್ಟರ್ ಮುಖ ನೋಡಿ ಏನೂ ಹೇಳದೆ ಮಗುವನ್ನು ನನ್ನ ಎದೆಗಿಟ್ಟಳು. ಮೊದಲ ಸಲ 52. ನನ್ನ ಬೆರಳಿಗೆ ಚುಚ್ಚಿಕೊಳ್ಳುವಾಗ ಅಳದ ನಾನು ಆ ಹಿಮ್ಮಡಿಗೆ ಚುಚ್ಚುವಾಗ ಅತ್ತುಬಿಟ್ಟೆ. ನಾಲ್ಕನೇ ಸಲಕ್ಕೆ 68 ಬಂದು, ಸಾಕು ಎಂದು ನಿಲ್ಲಿಸಿದರು. ನನ್ನ ಇನ್ಸುಲಿನ್ ಆ ದಿನವೇ ನಿಂತಿತು, ಸಿಸ್ಟರ್ ಹೇಳಿದ್ದ ಹಾಗೇ.

ಬಾಣಂತನಕ್ಕೆ ಅಮ್ಮ ಅಂಟಿನುಂಡೆ, ಲೇಹ ಕಟ್ಟಿಕೊಂಡು ಬಂದಿದ್ದಳು. ಬಾಣಂತಿಗೆ ಬೆಲ್ಲ ತುಪ್ಪ ಬೇಡವೆನ್ನುವುದು ಅವಳ ಕಿವಿಗೆ ಬೈಗುಳ. "ಈಗ ಹೋಯ್ತಲ್ಲ ಶುಗರ್?" ಎಂದಳು. ಹೋಗಿದೆಯೋ ಇಲ್ಲವೋ ಎಂದು ಆರು ವಾರ ಕಳೆದು ಮತ್ತೆ ಗ್ಲೂಕೋಸ್ ನೀರು ಕುಡಿದು ನೋಡಬೇಕು. ಬಸಿರಿನಲ್ಲಿ ಬಂದು ಹೋದವರಿಗೆ ಮುಂದೆ ನಿಜವಾದ ಸಕ್ಕರೆ ಕಾಯಿಲೆ ಬರುವ ಸಂಭವ ಉಳಿದವರಿಗಿಂತ ಬಹಳ ಹೆಚ್ಚು. ಆದರೆ ಈ ಪರೀಕ್ಷೆಗೆ ಹೋಗುವವರೇ ಕಡಿಮೆ. ಬಾಣಂತಿ ಹೊರಗೆ ಹೋಗಬಾರದು, ಮಗುವಿಗೆ ಹಾಲು ಕುಡಿಸುವವರಿಲ್ಲ, ಕಾಯಿಲೆ ಹೋಯಿತಲ್ಲ ಎಂಬ ನೂರು ಕಾರಣ. ಲೈನ್‌ಮನೆಯ ಆ ಹೆಂಗಸಿನ ಬಗ್ಗೆ ವಿಚಾರಿಸಿದೆ. ಹೆರಿಗೆಗೆ ಊರಿಗೆ ಹೋದವಳು ತಿರುಗಿ ಆ ಎಸ್ಟೇಟಿಗೆ ಬಂದಿಲ್ಲ ಎಂದಳು ಆಶಾ ಅಕ್ಕ. ಅವಳ ಆರನೇ ವಾರವನ್ನು ಯಾರು ನೆನಪಿಸಿದರೋ.

ನನ್ನದು ಸರಿಯಾಗಿತ್ತು. ವರ್ಷಕ್ಕೊಮ್ಮೆ ನೋಡಿಸಿಕೊಳ್ಳಿ, ಇನ್ನೊಂದು ಬಸಿರಾದರೆ ಮೊದಲ ಭೇಟಿಯಲ್ಲೇ ಹೇಳಿ ಎಂದು ಬರೆದು ಕೊಟ್ಟರು.

ಮನೆಯಲ್ಲಿ ಕೆಲವು ಸ್ಟ್ರಿಪ್‌ಗಳು ಉಳಿದಿದ್ದವು. ಡಬ್ಬಿ ತೆರೆದ ಮೇಲೆ ಅವು ಹೆಚ್ಚು ದಿನ ಬಾಳುವುದಿಲ್ಲ. ದುಡ್ಡು ಕೊಟ್ಟದ್ದು ಹಾಳಾಗುವುದನ್ನು ಸಹಿಸದ ಅತ್ತೆ ಒಂದು ಮಧ್ಯಾಹ್ನ, "ಎಲ್ಲಿ, ನನಗೂ ಒಂದು ಚುಚ್ಚು" ಎಂದು ಬೆರಳು ಚಾಚಿದರು. ಊಟವಾಗಿ ಎರಡು ಗಂಟೆ ಆಗಿತ್ತು. 236. ಮಿಷನ್ ಕೆಟ್ಟಿದೆ ಎಂದರು. ಮರುದಿನ ಆಸ್ಪತ್ರೆಯ ಮಿಷನ್ನೂ ಕೆಟ್ಟಿದೆ ಎಂದರು. ಈಗ ಶುಗರ್, ಬಿಪಿಯಂಥ ಕಾಯಿಲೆಗಳನ್ನು ನೋಡುವ ಎನ್‌ಸಿಡಿ ಕ್ಲಿನಿಕ್ಕಿಗೆ ಹೋಗಿ ಮಾತ್ರೆ ತರುತ್ತಾರೆ, ಆಳುಲೆಕ್ಕದ ಅದೇ ಪುಸ್ತಕದಲ್ಲಿ ನಾನು ಬರೆಯುತ್ತೇನೆ. ಕಡುಬು ಇಬ್ಬರಿಗೂ ಎರಡೇ. ಬೆಲ್ಲದ ಕಾಫಿಯ ವಿಷಯದಲ್ಲಿ ಮಾತ್ರ ಇನ್ನೂ ಜಗಳ ನಡೆಯುತ್ತಿದೆ.